ಕರಿಗುಡ್ಡ ಒಪ್ಪುವುದಿಲ್ಲ

ಸಂಗಮದಿನ್ನಿ
ಮರುಗಣನೆಯ ಎಪ್ಪತ್ತೊಂದನೆಯ ವರ್ಷ, ಆಷಾಢದ ಅರವತ್ತಾರನೆಯ ದಿನ

ಇಪ್ಪತ್ತೊಂದನೆಯ ಶತಮಾನದ ಮೊದಲ ಭಾಗದಲ್ಲಿ ಮತ ಹಾಕುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮರುಗಣನೆ ಎಂದರೆ ವರ್ಷಗಳನ್ನು ನಾವು ಹೊಸದಾಗಿ ಒಂದರಿಂದ ಎಣಿಸತೊಡಗಿದ ಲೆಕ್ಕ. ನಮ್ಮಲ್ಲಿ ಮೊದಲ ಹದವಾದ ಮಳೆ ಬೀಳುವವರೆಗೆ ಆಷಾಢ ಮುಗಿಯುವುದಿಲ್ಲ. ಮಳೆ ಬಾರದೆ ಶ್ರಾವಣ ಬಂತೆಂದು ಹೇಳುವುದು ಸುಳ್ಳು ಹೇಳಿದಂತೆ ಎಂದು ನಮ್ಮ ಅಜ್ಜಂದಿರು ತೀರ್ಮಾನಿಸಿದರು. ಅದನ್ನೇ ನಾವೂ ಪಾಲಿಸುತ್ತೇವೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲಿಯೇ ಅರ್ಥ ಹೇಳುತ್ತೇನೆ. ಈ ಕಾಗದವನ್ನೇ ನೋಡಿ: ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಬರೆಯಲು ಅವಕಾಶ. ನನ್ನ ತಂಗಿ ತನ್ನ ಪಾಲಿನದನ್ನು ನಮ್ಮ ಮುತ್ತಜ್ಜಿಯ ಅಜ್ಜಿಗೆ ಬರೆದು, ಗುರೆಳ್ಳು ಚಟ್ನಿಗೆ ಬೆಳ್ಳುಳ್ಳಿಯನ್ನು ಹಸಿಯಾಗಿ ಹಾಕಬೇಕೋ ಹುರಿದು ಹಾಕಬೇಕೋ ಎಂದು ಕೇಳಿದಳು. ನಾನು ನನ್ನದನ್ನು ನಿಮ್ಮೊಡನೆ ಜಗಳವಾಡಲು ಬಳಸುತ್ತಿದ್ದೇನೆ.

ನನ್ನ ಹೆಸರು ನೀಲಗಂಗಾ ತಳವಾರ. ವಯಸ್ಸು ಎಪ್ಪತ್ತು ದಾಟಿದೆ. ಕೃಷ್ಣಾತೀರ ರಾಜ್ಯದ ಶಾಸನಸಭೆಯಲ್ಲಿ ಸಂಗಮದಿನ್ನಿ ಕ್ಷೇತ್ರದ ಸದಸ್ಯೆ. ಆ ಸಭೆಯಲ್ಲಿ ಉಳಿದಿರುವ ವಿರೋಧ ಪಕ್ಷವೆಂದರೆ ಈಗ ನಾನೊಬ್ಬಳೇ.

ನಮ್ಮ ಸಭೆ ನಸುಕಿನಲ್ಲಿ ಸೇರುತ್ತದೆ. ಬಿಸಿಲೇರಿದ ಮೇಲೆ ಯಾರೂ ನೆಲದ ಮೇಲಿರುವಂತಿಲ್ಲ. ಎಲ್ಲರೂ ತಂಪುನೆಲೆಗೆ, ಅಂದರೆ ಭೂಮಿಯೊಳಗೆ ಕೊರೆದ ಕೋಣೆಗಳಿಗೆ, ಇಳಿಯುತ್ತೇವೆ. ಅಲ್ಲಿ ರೊಟ್ಟಿ, ಮಜ್ಜಿಗೆ, ಒಂದು ನಿದ್ದೆ. ಸಭಾಂಗಣದಲ್ಲಿ ಆಡಳಿತದವರು ಸೂರ್ಯನಿಗೆ ಬೆನ್ನು ಕೊಟ್ಟು ಕೂರುತ್ತಾರೆ, ವಿರೋಧದವರ ಮುಖಕ್ಕೆ ಬೆಳಗಿನ ಬಿಸಿಲು ನೇರವಾಗಿ ಹೊಡೆಯುತ್ತದೆ. ನಾವು ಕೂರುವ ಕಡೆಗೆ ಎದುರುಸಾಲು ಎಂದು ಹೆಸರು. ಕಟ್ಟಿದವರು ಬೇಕೆಂದೇ ಹಾಗೆ ಕಟ್ಟಿದರಂತೆ: ಪ್ರಶ್ನೆ ಕೇಳುವವರು ನಿದ್ದೆ ಮಾಡಬಾರದೆಂದು. ಮೊದಲ ವರ್ಷ ಆ ಬಿಸಿಲಿನಲ್ಲಿ ನಾವು ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದೆವು. ಒಟ್ಟು ನೂರ ಮೂವತ್ತೊಂದು ಸ್ಥಾನಗಳಲ್ಲಿ ಆಡಳಿತದ ನೆಲೆ ಪಕ್ಷಕ್ಕೆ ಬಂದದ್ದು ಐವತ್ತೆಂಟು ಮಾತ್ರ, ಅರ್ಧವೂ ಇಲ್ಲ. ನಮ್ಮ ಹೊಳೆ ಪಕ್ಷಕ್ಕೆ ನಲವತ್ತೊಂಬತ್ತು. ಮಿಕ್ಕವರು ದುಡಿಮೆ ಕೂಟದವರು, ಕೆಲವರು ಪಕ್ಷೇತರರು. ಜನ ಯಾರಿಗೂ ಪೂರ್ತಿ ಕೀಲಿಕೈ ಕೊಟ್ಟಿರಲಿಲ್ಲ. ನೀವೆಲ್ಲ ಕೂಡಿ ಮಾತಾಡಿಕೊಂಡು ನಡೆಸಿರಿ ಎಂದಿದ್ದರು.

ಆಮೇಲೆ ಸೋರಿಕೆ ಶುರುವಾಯಿತು. ಇಲ್ಲಿಂದ ನನ್ನ ಸಿಟ್ಟು ನಿಮ್ಮ ಕಡೆ ತಿರುಗುತ್ತದೆ. ಪಕ್ಷಾಂತರ ತಡೆಯಲು ನೀವು ಮಾಡಿಕೊಂಡ ಕಾನೂನನ್ನು ನಾವು ಪಿತ್ರಾರ್ಜಿತದಂತೆ ಒಂದಕ್ಷರ ಬಿಡದೆ ಉಳಿಸಿಕೊಂಡಿದ್ದೇವೆ. ಅದರಲ್ಲಿ ಎರಡು ಕಂಡಿಗಳಿವೆ, ನಿಮಗೂ ಗೊತ್ತು. ಒಬ್ಬ ಹೋದರೆ ತಪ್ಪು, ಪಕ್ಷದ ಮೂರನೆಯ ಎರಡರಷ್ಟು ಮಂದಿ ಒಟ್ಟಿಗೆ ಹೋದರೆ ಅದಕ್ಕೆ ವಿಲೀನ ಎಂಬ ಮರ್ಯಾದೆಯ ಹೆಸರು. ಮತ್ತೆ, ಹೋದವನ ಸ್ಥಾನ ಉಳಿಯಿತೋ ಹೋಯಿತೋ ಎಂದು ಹೇಳಬೇಕಾದವರು ಸಭಾಧ್ಯಕ್ಷರು. ಎಷ್ಟು ದಿನದೊಳಗೆ ಹೇಳಬೇಕು ಎಂದು ನೀವು ಬರೆಯಲಿಲ್ಲ.

ನಮ್ಮ ನಲವತ್ತೊಂಬತ್ತರಲ್ಲಿ ಮೂವತ್ತಮೂರು ಮಂದಿ ಒಂದು ಬೆಳಿಗ್ಗೆ ಎದ್ದು, ಸಭಾಂಗಣದ ನಡುವಿನ ಹಾದಿ ದಾಟಿ, ಸೂರ್ಯನಿಗೆ ಬೆನ್ನು ಮಾಡಿ ಕುಳಿತರು. ಸಭಾಧ್ಯಕ್ಷರು ಅವರ ಮಜ್ಜಿಗೆ ಮುಗಿಯುವುದರೊಳಗೆ ಅದನ್ನು ಒಪ್ಪಿಕೊಂಡರು. ದುಡಿಮೆ ಕೂಟದವರು ಇಡಿಯಾಗಿ ಹೋದರು. ಪಕ್ಷೇತರರು ಹೋದರು. ನಮ್ಮಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅವರ ಮೇಲೆ ನಾವು ಕೊಟ್ಟ ದೂರುಗಳು ಎರಡು ವರ್ಷ ಸಭಾಧ್ಯಕ್ಷರ ಮೇಜಿನ ಮೇಲೆಯೇ ಬಿದ್ದಿದ್ದವು. ಆ ಕಡೆಯ ಬೆಂಚುಗಳು ಸಾಲದೆ ಬಂದು, ಹಾಗೆ ಹೋದವರಲ್ಲಿ ಹಲವರನ್ನು ಎದುರುಸಾಲಿಗೇ ತಂದು ಕೂರಿಸಿದರು. ನಾನು ಪ್ರಶ್ನೆ ಕೇಳಲು ಎದ್ದರೆ ನನ್ನ ಎಡಬಲದವರೇ ಮೇಜು ಬಡಿದು ನನ್ನ ದನಿ ಅಡಗಿಸುತ್ತಿದ್ದರು. ನಿಮ್ಮ ಕಾಲದಲ್ಲಿ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುತ್ತಿದ್ದರಂತೆ, ನೀವು ಅದನ್ನು ಟಿ.ವಿ.ಯಲ್ಲಿ ಕ್ರಿಕೆಟ್ಟಿನ ಹಾಗೆ ನೋಡುತ್ತ ಚಹಾ ಕುಡಿಯುತ್ತಿದ್ದಿರಂತೆ.

ಕೊನೆಗೆ ಉಳಿದವರು ಇಬ್ಬರು: ನಾನು ಮತ್ತು ಕರಿಗುಡ್ಡದ ಸೋಮರಾಯ.

ಸೋಮರಾಯ ಗಾಳಿಕಂಬಗಳ, ಅಂದರೆ ಗಾಳಿಯಿಂದ ವಿದ್ಯುತ್ ತೆಗೆಯುವ ಕಂಬಗಳ, ಮೇಲೆ ಹತ್ತಿ ರಿಪೇರಿ ಮಾಡುತ್ತಿದ್ದವನು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಮಾತು ಕಡಿಮೆ, ನನ್ನನ್ನು ಅಕ್ಕಾ ಎನ್ನುತ್ತಿದ್ದ. ಅವನ ಕ್ಷೇತ್ರಕ್ಕೆ ನೀರಿನ ಕೊಳವೆ ಬರಬೇಕಾಗಿತ್ತು. ಅಕ್ಕಪಕ್ಕದ ಕ್ಷೇತ್ರಗಳಿಗೆಲ್ಲ ಬಂದಿತ್ತು. ಕರಿಗುಡ್ಡದ ಗಡಿಯಲ್ಲಿ ಕೊಳವೆಯ ಬಾಯಿಗೆ ಮುಚ್ಚಳ ಹಾಕಿ ನಿಲ್ಲಿಸಿದ್ದರು. ಮುಖ್ಯಮಂತ್ರಿ ನಾಡಗೌಡರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಸೋಮರಾಯ ಈ ಕಡೆ ಬಂದ ದಿನ ಮುಚ್ಚಳ ತೆಗೆಸುತ್ತೇನೆ.

ಒಂದು ಮಧ್ಯಾಹ್ನ ತಂಪುನೆಲೆಯಲ್ಲಿ ನಾನು ರೊಟ್ಟಿ ಮುರಿಯುತ್ತಿದ್ದಾಗ ಅವನು ಬಂದು ಎದುರು ಕುಳಿತ. ತನ್ನ ಬುತ್ತಿ ಬಿಚ್ಚಲಿಲ್ಲ.

"ಅಕ್ಕಾ, ನಾಳಿಂದ ನಾ ಆ ಕಡೆ ಕುಂದ್ರತೀನಿ."

"ಮಂದಿನ್ನ ಕೇಳಿದೇನು?"

"ಅವ್ರೇ ಹೇಳ್ಯಾರ. ಹುಲಿಗೆಮ್ಮಾಯಿ ಬಂದು ಅಂಗಳದಾಗ ಕುಂತಿದ್ಲು. ನಿನ್ನ ಮಾನ ನಿನ್ನ ಹಂತ್ಯಾಕ ಇಟ್ಕೋ, ನಮಗ ನೀರು ತಂದು ಕೊಡು ಅಂದ್ಲು. ನಾ ಏನಂತ ಹೇಳ್ಲಿ ಆಕಿಗೆ?"

ಹುಲಿಗೆಮ್ಮ ಅವನ ಊರಿನ ಹಿರಿಯಳು, ಅವನನ್ನು ಎತ್ತಿ ಆಡಿಸಿದವಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಬರಲಿಲ್ಲ. ಜನರ ಬಾಯಾರಿಕೆಯನ್ನೇ ಹಗ್ಗ ಮಾಡಿ ಅವರ ಪ್ರತಿನಿಧಿಯ ಕೊರಳಿಗೆ ಹಾಕಿ ಎಳೆಯುತ್ತಿದ್ದವನು ಬೇರೆಯೇ ಇದ್ದನಲ್ಲ. ಅರ್ಧ ರೊಟ್ಟಿ ಅವನ ಕೈಗಿಟ್ಟೆ. ಅವನು ತಿನ್ನುತ್ತ ಅತ್ತ.

ಮರುದಿನ ಅವನು ಹಾದಿ ದಾಟಿದ. ವಾರದೊಳಗೆ ಕರಿಗುಡ್ಡಕ್ಕೆ ನೀರು ಬಂತು. ಜನ ಕೊಳವೆಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರಂತೆ.

ನೀರು ಬಂದ ಮೇಲೆ ಮಸೂದೆಯೂ ಬಂತು. ಅದರ ಹೆಸರು ಸ್ಥಿರತೆಯ ಮಸೂದೆ. ಒಳಗಿದ್ದದ್ದು ಇಷ್ಟು: ಇನ್ನು ಹತ್ತು ವರ್ಷ ರಾಜ್ಯದಲ್ಲಿ ಯಾವ ಚುನಾವಣೆಯೂ ಇಲ್ಲ, ಉಪಚುನಾವಣೆ ಕೂಡ, ಈಗಿರುವ ಸಭೆಯೇ ಮುಂದುವರಿಯುತ್ತದೆ. ನಮ್ಮ ಕಟ್ಟಳೆಯ ಪ್ರಕಾರ ಸಭೆ ತನ್ನ ಅವಧಿಯನ್ನು ಬದಲಿಸಬೇಕಾದರೆ, ಆ ಹೊತ್ತಿಗೆ ಇರುವ ಸದಸ್ಯರಲ್ಲಿ ಮೂರನೆಯ ಎರಡರಷ್ಟು ಮಂದಿ ಒಪ್ಪಬೇಕು. ಯಾರೂ ಎಣಿಕೆ ಕೇಳದಿದ್ದರೆ 'ಹೌದು' ಎಂಬ ಕೂಗಿನಲ್ಲೇ ಮುಗಿಯುತ್ತದೆ. ಇಬ್ಬರು ಎದ್ದು ಕೇಳಿದರೆ ಮಾತ್ರ ಊರೆಣಿಕೆ ನಡೆಯಬೇಕು. ಊರೆಣಿಕೆ ಎಂದರೆ ಪ್ರತಿಯೊಬ್ಬ ಸದಸ್ಯರೂ ಎದ್ದು, ತಮ್ಮ ಕ್ಷೇತ್ರದ ಹೆಸರು ಹೇಳಿ, ಅದು ಒಪ್ಪುತ್ತದೆಯೋ ಇಲ್ಲವೋ ಎಂದು ಗಟ್ಟಿಯಾಗಿ ನುಡಿಯಬೇಕು. ರಾಜ್ಯವೆಲ್ಲ ಕೇಳಿಸಿಕೊಳ್ಳುತ್ತದೆ.

ನಾನು ಎದ್ದೆ. ಸುತ್ತಲಿನವರು ನಕ್ಕರು.

"ಅವ್ವಾರ, ಒಬ್ಬಾಕಿನ ನಿಂತು ಯಾಕ ಕಾಲು ನೋಯಿಸ್ಕೋತೀರಿ?" ಎಂದರು ನಾಡಗೌಡರು, ಬಹಳ ಅಕ್ಕರೆಯ ದನಿಯಲ್ಲಿ. "ಕುಂದರ್ರಿ."

ನಾನು ಕೂರಲಿಲ್ಲ. ಎರಡನೆಯವರು ಯಾರೂ ಇಲ್ಲವಲ್ಲ ಎಂದು ಸಭಾಧ್ಯಕ್ಷರು ಹೇಳುತ್ತಿದ್ದಂತೆ ಎದುರಿನ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ನಾ ಅದೀನ್ರೀ."

ಸೋಮರಾಯ ನಿಂತಿದ್ದ. ಸಭಾಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, "ನೀವು ಆಡಳಿತ ಪಕ್ಷದವರು, ಕುಳಿತುಕೊಳ್ಳಿ" ಎಂದರು.

"ಇಬ್ಬರು ಸದಸ್ಯರು ಏಳಬೇಕು ಅಂತ ಐತ್ರಿ. ಯಾವ ಪಕ್ಷದವರು ಅಂತ ಇಲ್ಲ. ನಮ್ಮ ಅಕ್ಕ ಒಬ್ಬಾಕಿ, ನಾ ಒಬ್ಬ. ಇಬ್ಬರಾದ್ವಿ."

ಊರೆಣಿಕೆ ಶುರುವಾಯಿತು. ಮೊದಲ ಕೆಲವರು ಸಲೀಸಾಗಿ ಒಪ್ಪಿದರು. ಆಮೇಲೆ ಹಿರೇಹಳ್ಳದ ಗೌರಾಬಾಯಿ ಲಮಾಣಿಯ ಸರದಿ. ಮೂವತ್ತಮೂರರ ಗುಂಪಿನಲ್ಲಿ ಹೋಗಿ ಮಂತ್ರಿಯಾದವಳು ಆಕೆ. "ಹಿರೇಹಳ್ಳ..." ಎಂದು ನಿಲ್ಲಿಸಿದಳು. ನೀರು ಕುಡಿದಳು. ತನ್ನ ಊರಿನ ಹೆಸರನ್ನು ಬಾಯಿಂದ ತೆಗೆದು, ಅದರ ಓಟನ್ನು ಅದೇ ಬಾಯಿಂದ ನುಂಗುವುದು ಅಷ್ಟು ಸುಲಭವಿರಲಿಲ್ಲವೆಂದು ಕಾಣುತ್ತದೆ. "ಹಿರೇಹಳ್ಳ... ಒಪ್ಪುವುದಿಲ್ಲ" ಎಂದು ದೊಪ್ಪನೆ ಕುಳಿತಳು. ನಾಡಗೌಡರು ಕುರ್ಚಿಯಿಂದ ಅರ್ಧ ಎದ್ದರು. ಆಕೆಯ ಹಿಂದೆಯೇ ಇನ್ನೊಬ್ಬರು. ಮತ್ತೊಬ್ಬರು. ನೆಲೆ ಪಕ್ಷದ ಚಿಹ್ನೆಯ ಮೇಲೆಯೇ ಗೆದ್ದು ಬಂದಿದ್ದ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡು ಒಪ್ಪುವುದಿಲ್ಲ ಎಂದರು. ಸೋಮರಾಯನ ಸರದಿ ಬಂದಾಗ ಅವನು ಕರಿಗುಡ್ಡದ ಹೆಸರನ್ನು ಎಷ್ಟು ಗಟ್ಟಿಯಾಗಿ ಕೂಗಿದನೆಂದರೆ ದ್ವಾರಪಾಲಕರು ಒಳಗೆ ಇಣುಕಿ ನೋಡಿದರು.

ಮಸೂದೆ ಒಂದೇ ಒಂದು ಮತದಿಂದ ಬಿತ್ತು.

ನಾನು ಹಾದಿ ದಾಟಿ ಹೋಗಿ ಸೋಮರಾಯನನ್ನು ತಬ್ಬಿಕೊಂಡೆ. ಎಷ್ಟೋ ವರ್ಷಗಳ ಮೇಲೆ ಸಭೆಯಲ್ಲಿ ಸಭೆಯ ಸದ್ದಿತ್ತು: ಜಗಳ, ಕೂಗಾಟ, ಒಬ್ಬರ ಮಾತಿಗೆ ಒಬ್ಬರ ಅಡ್ಡಿ. ನನ್ನ ಕಿವಿಗೆ ಅದು ಹಬ್ಬದಂತಿತ್ತು.

ಎರಡು ವರ್ಷ ನಮ್ಮ ದೂರುಗಳನ್ನು ತೆರೆದು ನೋಡದಿದ್ದ ಸಭಾಧ್ಯಕ್ಷರು, ಮರುದಿನ ನಸುಕಿನಲ್ಲಿ ಸಭೆ ಸೇರುವ ಮೊದಲೇ, ಪಕ್ಷದ ಆಜ್ಞೆ ಮೀರಿದರೆಂದು ಸೋಮರಾಯ, ಗೌರಾಬಾಯಿ ಮತ್ತು ಅವರೊಂದಿಗೆ ನಿಂತ ನಲವತ್ತೊಂದು ಮಂದಿಯ ಸದಸ್ಯತ್ವ ರದ್ದು ಮಾಡಿದರು. ಬಾಗಿಲಲ್ಲಿ ಅವರನ್ನು ತಡೆದರು. ಒಳಗೆ ಉಳಿದವರು ಮಸೂದೆಯನ್ನು ಮತ್ತೆ ತಂದರು. ನಾನು ಎದ್ದು ನಿಂತೆ. ಸಭಾಧ್ಯಕ್ಷರು ಎರಡನೆಯವರಿಗಾಗಿ ಸುತ್ತ ನೋಡಿದರು, ನಿಧಾನವಾಗಿ, ನ್ಯಾಯ ಮಾಡುವವರ ಹಾಗೆ. ಯಾರೂ ಏಳಲಿಲ್ಲ. 'ಹೌದು' ಎಂಬ ಕೂಗಿನಲ್ಲಿ ಮಸೂದೆ ಪಾಸಾಯಿತು. ನಲವತ್ತಮೂರು ಕ್ಷೇತ್ರಗಳಿಗೆ ಪ್ರತಿನಿಧಿಯೂ ಇಲ್ಲ, ಚುನಾವಣೆಯೂ ಇಲ್ಲ. ಎಲ್ಲವೂ ಕಾನೂನಿನ ಪ್ರಕಾರ, ಹಿರಿಯರೇ. ನಿಮ್ಮ ಕಾನೂನಿನ ಪ್ರಕಾರ.

ಕರಿಗುಡ್ಡದ ಕೊಳವೆಗೆ ಅಂದೇ ಮತ್ತೆ ಮುಚ್ಚಳ ಬಿತ್ತು.

ಸೋಮರಾಯ ಊರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಜನ ಕಲ್ಲು ಹಿಡಿದು ನಿಂತಿರುತ್ತಾರೆಂದೇ ನಾವಿಬ್ಬರೂ ಎಣಿಸಿದ್ದೆವು. ಕೊಡ ಹಿಡಿದು ನಿಂತಿದ್ದರು, ಖಾಲಿ ಕೊಡ. ಅದು ಕಲ್ಲಿಗಿಂತ ಕಷ್ಟವಾಗಿತ್ತು. ಸೋಮರಾಯ ತಲೆ ತಗ್ಗಿಸಿ, "ಆಯೀ, ನಿಮ್ಮ ನೀರು ಹೋತು" ಎಂದ.

ಹುಲಿಗೆಮ್ಮ ಅವನ ಗದ್ದ ಹಿಡಿದು ಮುಖ ಎತ್ತಿದಳು. "ಏ ಸೋಮ್ಯಾ, ನಾವು ನೀರು ಬೇಕು ಅಂದಿದ್ವಿ. ಓಟು ಬ್ಯಾಡ ಅಂದಿದ್ವೇನು?"

ಚುನಾವಣೆ ನಡೆಯಬೇಕಾಗಿದ್ದ ದಿನ ಬಂತು. ಅಧಿಕಾರಿಗಳಿಲ್ಲ, ಯಂತ್ರಗಳಿಲ್ಲ. ಕರಿಗುಡ್ಡದವರು ಶಾಲೆಯಲ್ಲಿ ಗಡಿಗೆಗಳನ್ನಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಒಬ್ಬರಿಗೊಂದು ಜೋಳದ ಕಾಳಿನಂತೆ ತಾವೇ ಮತ ಹಾಕಿಕೊಂಡರು. ಹಿರೇಹಳ್ಳದಲ್ಲೂ ಹಾಗೆಯೇ ಮಾಡಿದರು. ಸುದ್ದಿ ಹರಡಿ ಆ ನಲವತ್ತಮೂರು ಕಡೆಗಳಲ್ಲೂ ಜನ ಗಡಿಗೆ ಇಟ್ಟರು. ಅವರ ಕಾಳುಗಳಿಗೆ ಯಾವ ಬೆಲೆಯೂ ಇಲ್ಲವೆಂದು ಸರ್ಕಾರ ಪ್ರಕಟಣೆ ಹೊರಡಿಸಿದೆ. ಆದರೂ ಗೆದ್ದವರು ದಿನವೂ ನಸುಕಿನಲ್ಲಿ ಸಭೆಯ ಬಾಗಿಲಿಗೆ ಬಂದು, ಬಿಸಿಲೇರುವವರೆಗೆ ನಿಂತು ಹೋಗುತ್ತಾರೆ. ನಾನು ಒಳಗೆ ಹೋಗುವ ಮೊದಲು ಅವರ ಪ್ರಶ್ನೆಗಳನ್ನು ಕೇಳಿಕೊಂಡು ಹೋಗುತ್ತೇನೆ. ಒಳಗೆ ಅವುಗಳನ್ನು ಓದುತ್ತೇನೆ. ಮೇಜು ಬಡಿಯುತ್ತಾರೆ. ಓದುತ್ತೇನೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಕಾನೂನು ಇನ್ನೂ ನಿಮ್ಮ ಕೈಯಲ್ಲಿದೆ, ಮಸಿ ಹಸಿಯಾಗಿದೆ. ಹಾದಿ ದಾಟಿದವನು ಒಬ್ಬನಾಗಲಿ, ಗುಂಪಾಗಲಿ, ಮತ್ತೆ ಜನರ ಮುಂದೆ ಬರಲಿ ಎಂದು ಒಂದು ಸಾಲು ಬರೆಯಿರಿ. ತೀರ್ಮಾನಕ್ಕೆ ಒಂದು ಗಡುವು ಬರೆಯಿರಿ. ತೀರ್ಮಾನಿಸುವ ಕುರ್ಚಿಯಲ್ಲಿ ಯಾವ ಪಕ್ಷಕ್ಕೂ ಸೇರದವರನ್ನು ಕೂರಿಸಿ. ನಿಮಗೆ ಅದು ಒಂದು ಅಧಿವೇಶನದ ಕೆಲಸ. ನೀವು ಬರೆಯದ ಆ ಸಾಲು ಇಲ್ಲಿ ಕರಿಗುಡ್ಡದ ಖಾಲಿ ಕೊಡವಾಗಿದೆ.

ಕರಿಗುಡ್ಡದಲ್ಲಿ ಗೆದ್ದವರು ಯಾರೆಂದು ಹೇಳಲಿಲ್ಲ ಅಲ್ಲವೇ? ಸೋಮರಾಯನೂ ನಿಂತಿದ್ದ. ಕಾಳು ಎಣಿಸಿದ ಸಂಜೆಯೇ ನನ್ನ ಮನೆಗೆ ಬಂದ, ಮೈಯೆಲ್ಲ ಧೂಳು. "ಅಕ್ಕಾ, ನಾ ಸೋತೆ" ಎಂದ. ಶಾಂತವೀರಿ ಎಂಬ ದಾದಿಯೊಬ್ಬಳು ಅವನನ್ನು ಚೆನ್ನಾಗಿಯೇ ಸೋಲಿಸಿದ್ದಳು. ನೀರಿಗಾಗಿ ಹಾದಿ ದಾಟಿದವನನ್ನು ಇನ್ನು ನಂಬುವುದಿಲ್ಲವೆಂದು ಊರಿನ ಅರ್ಧ ಜನ ಅವನ ಮುಖಕ್ಕೇ ಹೇಳಿದ್ದರಂತೆ. ಹುಲಿಗೆಮ್ಮನೂ ಕಾಳನ್ನು ಶಾಂತವೀರಿಯ ಗಡಿಗೆಗೇ ಹಾಕಿದಳಂತೆ. ಇಷ್ಟನ್ನೂ ಹೇಳುತ್ತ ಅವನು ನನ್ನ ಕಟ್ಟೆಯ ಮೇಲೆ ಕುಳಿತು ಮದುವೆ ಮನೆಯಿಂದ ಬಂದವನ ಹಾಗೆ ನಗುತ್ತಿದ್ದ. "ನಮ್ಮ ಮಂದಿ ನನ್ನ ಸೋಲಿಸ್ಯಾರ, ಅಕ್ಕಾ," ಎಂದು ಮತ್ತೆ ಮತ್ತೆ ಅನ್ನುತ್ತಿದ್ದ. "ಅವ್ರಿಗೆ ಇನ್ನೂ ಓಟು ಹಾಕಾಕ ಬರತೈತಿ."

ಹೋಗಿ ಬರುತ್ತೇನೆ, ಹಿರಿಯರೇ. ಸಭೆ ಸೇರುವ ಮೊದಲು ಶಾಂತವೀರಿಯ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ನೀಲಗಂಗಾ ತಳವಾರ
ಎದುರುಸಾಲು, ಕೃಷ್ಣಾತೀರ ಶಾಸನಸಭೆ