ಹುಸಿ ತೋಟಾ

ಮಾರ್ಚ್ 2, ಭಾನುವಾರ. ಬೆಳಿಗ್ಗೆ

ಎಂದಿನಂತೆ ಸವತಿಗೆ ಎಣ್ಣೆ ಹಚ್ಚುವ ಸೇವೆ. ಸವತಿ ಎಂದರೆ ಅಣ್ಣನ ರೈಫಲ್. ಹೆಸರಿಟ್ಟವರು ಅತ್ತಿಗೆ. ನಳಿಗೆಯೊಳಗೆ ಕಿರುಬೆರಳು ಸಲೀಸಾಗಿ ಹೋಗುತ್ತದೆ. ಒಂದು ಸಲಕ್ಕೆ ಒಂದೇ ತೋಟಾ. ಆಡುವುದು ಒಂದೇ ಮಾತು — ಹೆಗಲು ಮಾತ್ರ ಒಂದು ವಾರ ಮರೆಯುವುದಿಲ್ಲ. ನಾನು ಮೊದಲ ಸಲ ಹಾರಿಸಿದ ದಿನ ಕನ್ನಡಕ ಒಂದು ಕಡೆ, ಮರ್ಯಾದೆ ಇನ್ನೊಂದು ಕಡೆ. ಅದರ ಮೇಲೆಯೇ ಮೂರು ಹಾಸ್ಯ ಅಂಕಣ ಬರೆದು ಪೇಪರಿಗೆ ಕೊಟ್ಟೆ. ಓದುಗರು ನಕ್ಕರು. ಅಣ್ಣ ನಗಲಿಲ್ಲ. ಗುದ್ದಿದ್ದು ಅವಳ ತಪ್ಪಲ್ಲ, ಬೆಚ್ಚಿದ್ದು ನಿನ್ನ ತಪ್ಪು ಎಂದ.

ಇವತ್ತು ಹಾಸಿಗೆಯಿಂದಲೇ ನೋಡುತ್ತಿದ್ದ. ಎಣ್ಣೆ ಜಾಸ್ತಿಯಾಯಿತೆಂದು ಬೈಯಲಿಲ್ಲ. ಅದೇ ಸರಿಯೆನಿಸಲಿಲ್ಲ.

ಮಾರ್ಚ್ 6

ಡಾಕ್ಟರ ಹತ್ತಿರ ಅಣ್ಣ ಕೇಳಿಯೇಬಿಟ್ಟ. ಒಂದೇ ಒಂದು ಸಲ ಹಾರಿಸಬಹುದೇ ಎಂದು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದರು. ರೋಗ ಹೆಗಲ ಮೂಳೆಗೂ ಇಳಿದಿದೆ. ಸೀಮೆಸುಣ್ಣದ ಕಡ್ಡಿಯ ಹಾಗಿದೆಯಂತೆ. ಗುದ್ದು ಬಿದ್ದರೆ ಮುರಿಯುವುದೇ. ಹೆಚ್ಚೆಂದರೆ ಎರಡು ತಿಂಗಳು — ಇದನ್ನು ನನ್ನೊಬ್ಬನಿಗೆ, ಹೊರಗೆ, ನೀರಿನ ಫಿಲ್ಟರ್ ಪಕ್ಕ ಹೇಳಿದರು. ನಾಲ್ಕು ಲೋಟ ನೀರು ಕುಡಿದೆ.

ಅತ್ತಿಗೆಗೆ ಹೇಳಿದೆ. ಸ್ವಲ್ಪ ಹೊತ್ತು ಬಟ್ಟೆ ಮಡಿಸಿದರು. ಆಮೇಲೆ —

"ಮುರಿದ್ರೆ ಮುರೀಲಿ ಕಣೋ. ಯಾವತ್ತೂ ಏನೂ ಕೇಳದವರು ಇದೊಂದು ಕೇಳ್ತಿದ್ದಾರೆ. ಕರ್ಕೊಂಡು ಹೋಗು."

ಮಾರ್ಚ್ 9, ಭಾನುವಾರ

ರೇಂಜ್. ಗುರಿ ಹೊಡೆಯುವ ಮೈದಾನದಲ್ಲಿ ನಮ್ಮ ಹಳೆಯ ಪದ್ಧತಿ: ಒಬ್ಬ ತುಂಬಬೇಕು, ಹಾರಿಸುವವನು ಮುಖ ತಿರುಗಿಸಿಕೊಂಡಿರಬೇಕು. ಚೀಲದಲ್ಲಿ ನಿಜವಾದ ತೋಟಾಗಳ ಜೊತೆ ಹುಸಿ ತೋಟಾಗಳೂ ಇರುತ್ತವೆ. ನೋಡಲು ಒಂದೇ, ಒಳಗೆ ಮದ್ದಿಲ್ಲ. ಹುಸಿಗೂ ನಳಿಗೆಯ ತುದಿ ಅಲುಗಿದರೆ ಬೆಚ್ಚಿದ ಎಂದೇ ಲೆಕ್ಕ. ಅಣ್ಣ ನನಗೆ ಕಲಿಸಿದ್ದು ಹೀಗೆ. ನನ್ನದು ಪ್ರತಿ ಸಲ ಅಲುಗುತ್ತಿತ್ತು.

ಇವತ್ತು ತುಂಬುವವನು ನಾನು. ಮೊದಲನೆಯದು ಹುಸಿ. ಟಕ್. ಕೂದಲೆಳೆಯಷ್ಟೂ ಅಲುಗಲಿಲ್ಲ. ಎರಡನೆಯ ಸಲ ನಿಜವಾದದ್ದನ್ನೇ ಕೈಗೆತ್ತಿಕೊಂಡೆ. ಅಂಗಿಯೊಳಗೆ ಅವನ ಹೆಗಲು ಹ್ಯಾಂಗರ್‌ನಂತೆ ಕಂಡಿತು. ವಾಪಸ್ ಇಟ್ಟು ಹುಸಿಯನ್ನೇ ತುಂಬಿದೆ. ಟಕ್. ಮೂರು. ನಾಲ್ಕು... ಆರನೆಯದಕ್ಕೆ ಅಣ್ಣನಿಗೆ ಏದುಸಿರು. ಆಚೆ ಗುರಿಗೆ ನಿಲ್ಲಿಸಿದ್ದ ಕಾಗದದ ಹಂದಿ ಮೈಮೇಲೆ ಒಂದು ತೂತೂ ಇಲ್ಲದೆ ನಿಂತಿತ್ತು.

ಇನ್ನೊಂದು ಹಾಕಲೇ ಎಂದೆ.

"ಸಾಕು ಬಿಡೋ. ಆ ಹಂದಿಗೂ ಬೇಜಾರಾಗಿದೆ."

ಕಾರಿನಲ್ಲಿ, ಮುಂದಿನ ಭಾನುವಾರ ಖಂಡಿತ ಎಂದೆ. ಕಿಟಕಿಯಾಚೆ ನೋಡುತ್ತಿದ್ದ. ಮನೆ ಬಾಗಿಲಲ್ಲಿ ಅತ್ತಿಗೆ ಕೇಳುವ ಮುಂಚೆಯೇ ಹೇಳಿದ — "ಒಂದು ಹೊಡೆದೆ ಕಣೇ. ಕಿವಿ ಹಿಂದೆ, ಸರಿಯಾಗಿ." ನಾನೂ ಹೌದೌದು ಎಂದು ತಲೆಯಾಡಿಸಿದೆ.

ಮಾರ್ಚ್ 16, ಭಾನುವಾರ

ನಿಜವಾದ ತೋಟಾವನ್ನೇ ಜೇಬಿನಲ್ಲಿಟ್ಟುಕೊಂಡು ಅಣ್ಣನ ಬಳಿ ಹೋದೆ. ಅಣ್ಣನಿಗೆ ಲೋಟ ಎತ್ತಲಾಗುತ್ತಿಲ್ಲ. ರೇಂಜಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೋದ ವಾರದ ಅಂಕಣ ಸಪ್ಪೆ ಎಂದ. ಸಪ್ಪೆಯೇ.

ಏಪ್ರಿಲ್ 4

ಅಂಕಣ ಕಳಿಸಲಿಲ್ಲ. 'ಲೇಖಕರು ರಜೆಯಲ್ಲಿದ್ದಾರೆ' ಎಂದು ಹಾಕಿದ್ದಾರೆ. ಮೊನ್ನೆ ಬೆಳಿಗ್ಗೆ ಅಣ್ಣ ಹೋದ. ರಜೆ.

ಏಪ್ರಿಲ್ 21

ಲೈಸೆನ್ಸ್ ಇದ್ದವನೇ ಇಲ್ಲವಾದ ಮೇಲೆ ರೈಫಲ್ ಸರ್ಕಾರಿ ಕಚೇರಿಗೆ. ಅತ್ತಿಗೆಯೂ ಬಂದರು. ಸವತಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದರು. ಗುಮಾಸ್ತ ಫಾರಂ ಕೊಟ್ಟ. ಏಳನೆಯ ಕಾಲಂ: ಕೊನೆಯ ಬಾರಿ ಹಾರಿಸಿದ ದಿನ. ಮಾರ್ಚ್ 9 ಎಂದು ಬರೆಯತೊಡಗಿದೆ. ಅತ್ತಿಗೆ ಕೈ ಅಡ್ಡ ಇಟ್ಟರು.

"ಬೇಡ. ನಂಗೆ ಆವತ್ತೇ ಗೊತ್ತಾಯ್ತು. ಭುಜ ನೋಯ್ತಿದೆ ಅಂದ್ರು. ಅಂಗಿ ತೆಗೆದು ನೋಡಿದ್ರೆ ಒಂದು ಕಲೆ ಇಲ್ಲ. ಆದ್ರೂ ಮುಲಾಮು ಹಚ್ಚಿದೆ. ಮೂರು ದಿನ."

ಯಾಕೆ ಕೇಳಲಿಲ್ಲ ಎಂದೆ.

"ಏನಂತ ಕೇಳ್ಲಿ? ನಿನ್ನನ್ನ ಬಿಟ್ಟುಕೊಡಬಾರದು ಅಂತ ತಾನೇ ಅವರು ಅಷ್ಟು ನರಳಿದ್ದು."

ಬರೆದದ್ದನ್ನು ಹೊಡೆದುಹಾಕಿದೆ. ಹಾಗಾದರೆ ಯಾವತ್ತು? ಅತ್ತಿಗೆಗೆ ನೆನಪಿಲ್ಲ. ನನಗೂ ಇಲ್ಲ. ಸುಮಾರಾಗಿ ಒಂದು ಹಾಕಿ ಸಾರ್ ಎಂದ ಗುಮಾಸ್ತ. ಆಗಲಿಲ್ಲ. ನಾಳೆ ಬರುತ್ತೇವೆಂದು ಎದ್ದೆವು.

ಈಗ ಹೋದ ವರ್ಷದ ಡೈರಿ ತೆಗೆದು ಕೂತಿದ್ದೇನೆ. ಜೂನ್‌ನಲ್ಲಿ ಒಂದು ಭಾನುವಾರ ಸಿಕ್ಕಿತು. ರೇಂಜ್. ಎರಡೇ ಸಾಲು. ವಿಪರೀತ ಬಿಸಿಲು, ಅಂಕಣದ ಗಡುವು, ಬೇಗ ಹೊರಡು ಎಂದು ಅಣ್ಣನನ್ನು ಅವಸರಪಡಿಸಿದ್ದು. ಅವನು ಹೇಗೆ ಹೊಡೆದ ಅಂತ ಒಂದು ಅಕ್ಷರವೂ ಇಲ್ಲ.