ಟೈಲ್ಸಿನ ಅಡಿಯ ಆಕಾಶ

ಸವಣೂರು, ದಕ್ಷಿಣ ಕನ್ನಡ
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಜಾಸಿರ್‌ನ ಉಪ್ಪಾ,

ಅಸ್ಸಲಾಮು ಅಲೈಕುಂ. ಮಂಡಿನೋವು ಹೇಗುಂಟು? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದೆ ನುಂಗುತ್ತೀರಿ ತಾನೆ? ನುಂಗಿ. ಅದನ್ನು ಬಿಟ್ಟರೆ ನಿಮ್ಮೊಳಗಿನ ಮಹಾಪುರುಷ ಎದ್ದು ಬರುತ್ತಾನೆಂದು ಯಾವ ಸಿನಿಮಾದವರೂ ಇನ್ನೂ ತೋರಿಸಿಲ್ಲ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ರೇಂಜ್ ಇಲ್ಲ ಫೌಝಿಯಾ" ಎನ್ನುತ್ತೀರಿ. ಅದಕ್ಕೇ ನಿಮ್ಮ ಸೌದಿಯ ದಮ್ಮಾಮಿಗೆ ವಾಪಸಾಗುವ ಮುಸ್ತಫಾನ ಕೈಯಲ್ಲಿ, ಒಣಮೀನಿನ ಪೊಟ್ಟಣದ ಜೊತೆ, ಈ ಕಾಗದ.

ನೀವು ಮಗನಿಗೆ ಕಳಿಸಿದ ಸಿನಿಮಾವನ್ನು ನಾನೂ ಕೂತು ನೋಡಿದೆ. ತಲೆ ಕೆಟ್ಟ ಹೀರೋ ಮಾತ್ರೆಗಳನ್ನು ಕಿಟಕಿಯಿಂದ ಎಸೆಯುತ್ತಾನೆ, ಹಿಂದೆ ಪಿಟೀಲು, ಗೋಡೆ ತುಂಬ ಗೀಚುತ್ತಾನೆ, ಕೊನೆಗೆ ಚಪ್ಪಾಳೆ. ಬಹಳ ಚಂದ. ಆ ಗೋಡೆಯನ್ನು ಆಮೇಲೆ ತೊಳೆದವರು ಯಾರೆಂದು ಮಾತ್ರ ಡೈರೆಕ್ಟರ್ ಮಹಾಶಯರಿಗೆ ಗೊತ್ತಿಲ್ಲ. ಅದನ್ನು ನೋಡಿ ನೀವು ಜಾಸಿರ್‌ಗೆ ಅಪ್ಪಣೆ ಕೊಡಿಸಿದಿರಿ: "ನೀನು ಹಾಕಿದ ಟೈಲ್ಸಿನ ಫೋಟೋ ಇಡೀ ರೂಮಿನವರಿಗೆ ತೋರಿಸಿದೆ ಮಾರಾಯ. ನೀನು ಜೀನಿಯಸ್! ಆ ಮಾತ್ರೆ ನಿನ್ನ ತಲೆಯ ಬೆಳಕು ಆರಿಸುದು. ಬಿಡು!" ಮಂಗಳೂರಿನ ಮನೋರೋಗದ ಡಾಕ್ಟರು ವರ್ಷಗಟ್ಟಲೆ ಕಟ್ಟಿದ್ದನ್ನು ಒಂದೇ ಫೋನಿನಲ್ಲಿ ಕೆಡವಿದ ನಿಮ್ಮ ಪ್ರತಿಭೆಗೂ ಒಂದು ಪ್ರಶಸ್ತಿ ಸಲ್ಲಬೇಕು.

ಮಗ ಮಾತ್ರೆ ಬಿಟ್ಟ. ನಿದ್ರೆ ಹೋಯಿತು, ಮಾತು ಏರಿತು; ನೀವು ಅದನ್ನು ಹುಮ್ಮಸ್ಸು ಎಂದಿರಿ. ಆಮೇಲೆ ಕೋಡಿಂಬಾಳದ ಅಚ್ಚುತಣ್ಣನ ಹೊಸಮನೆಯಲ್ಲಿ, ಗೃಹಪ್ರವೇಶದ ಒಕ್ಕಲಿನ ಮುನ್ನಾದಿನ, ತಾನೇ ಹಾಕಿದ ಚಾವಡಿಯ ಟೈಲ್ಸನ್ನು ಸುತ್ತಿಗೆಯಿಂದ ಒಡೆದ. ಅದರ ಅಡಿಯಲ್ಲಿ ಆಕಾಶದ ನಕ್ಷೆ ಉಂಟಂತೆ, ತನಗೊಬ್ಬನಿಗೇ ಕಾಣುತ್ತದಂತೆ. ಸುದ್ದಿ ಕೇಳಿ ನಾನು ಓಡಿ ಮುಟ್ಟಿದಾಗ ಅಂಗೈ ಸೀಳಿ ರಕ್ತ ಸುರಿಯುತ್ತಿದ್ದರೂ ನಗುತ್ತಿದ್ದ. ಅಚ್ಚುತಣ್ಣ ಬೈಯಲಿಲ್ಲ. "ನೆಲ ಹೋಗ್ಲಿ ಅಕ್ಕಾ, ಮೊದಲು ಹುಡುಗನನ್ನು ಹಿಡ್ಕೊಳ್ಳಿ" ಎಂದು ತಾವೇ ಜೀಪು ಬಿಟ್ಟುಕೊಂಡು ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದರು. ಮರುದಿನ ಅವರ ಒಕ್ಕಲು ಒಡಕು ನೆಲಕ್ಕೆ ಚಾಪೆ ಹಾಸಿ ನಡೆಯಿತು. ಇತ್ತ ಆಸ್ಪತ್ರೆಯಲ್ಲಿ ನಿಮ್ಮ ದೋಸ್ತಿ ಸಾಹುಲ್ ಹಮೀದ್, ಮಂಚದ ಪಕ್ಕ ಬಗ್ಗಿ, "ಜಾಸಿರೇ, ಕೇರಳ ಲಾಟರಿಗೆ ಈ ಸಲ ಕೊನೆಯ ನಂಬರು ಎಂತ ಬರುದು?" ಎಂದು ಕೇಳಿದ. ಮಗ ಜೀನಿಯಸ್ಸೆಂದು ನೀವು ಹಂಚಿದ ಸುದ್ದಿ ಅಲ್ಲಿಯವರೆಗೆ ಮುಟ್ಟಿದೆ! ತಂದ ಕಿತ್ತಳೆ ಹಣ್ಣಿನ ಸಮೇತ ಅವನನ್ನು ಹೊರಗೆ ಅಟ್ಟಿದೆ.

ಒಂದು ಮಾತು ತಲೆಗೆ ಹಾಕಿಕೊಳ್ಳಿ. ಅವನು ಚಂದ ಟೈಲ್ಸ್ ಹಾಕಿದ್ದೆಲ್ಲ ಮಾತ್ರೆ ನುಂಗುತ್ತಿದ್ದ ದಿನಗಳಲ್ಲಿ. ನೀವು ರೂಮಿನವರಿಗೆ ತೋರಿಸಿ ಬೀಗಿದ ಫೋಟೋ ಕೂಡ.

ಅಲ್ಲಾಹನು ನಿಮಗೆ ಆರೋಗ್ಯ ಕೊಡಲಿ, ನನಗೆ ಸಹನೆ ಕೊಡಲಿ, ಇದ್ದದ್ದು ಮುಗಿದಿದೆ.

ಇನ್ನೂ ಕೋಪ ಇಳಿಯದ ನಿಮ್ಮ
ಫೌಝಿಯಾ

ಮತ್ತೆ: ಮುಸ್ತಫಾ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಜಾಸಿರ್ ಈಗ ದಿನಾ ಬೆಳಿಗ್ಗೆ ಮಾತ್ರೆಯನ್ನು ಕೈಯಲ್ಲಿಟ್ಟುಕೊಂಡು ಕೇಳುತ್ತಾನೆ: "ಉಮ್ಮಾ, ಇದು ತಿಂದು ನಾನು ಬರೀ ಟೈಲ್ಸಿನವನಾದ್ರೆ ಉಪ್ಪನಿಗೆ ಸಾಕಾ?" ಸಾಕು ಎನ್ನುತ್ತೇನೆ. ನುಂಗುತ್ತಾನೆ, ನಂಬುವುದಿಲ್ಲ. ಅದನ್ನು ನೀವೇ ಹೇಳಬೇಕು. ನನಗಲ್ಲ, ಅವನಿಗೆ.