ಮೂರು ಗೀರಿನ ಮೊನೆ

ನವೆಂಬರ್ 19, ಬೆಳಿಗ್ಗೆ

ಬಿಲ್ಲಿನ ಹೆದೆಗೆ ಮೇಣ ಹಚ್ಚುತ್ತ ಕೂತಿದ್ದೆ. ತಮ್ಮ ಬಂದ, ಅಂಚೆ ಚೀಲ ಇನ್ನೂ ಹೆಗಲಲ್ಲೇ. ಮುಂದಿನ ವರ್ಷದ ಹಂದಿ ಬೇಟೆಗೆ ಪರ್ಮಿಟ್ ಸಿಕ್ಕಿದೆಯಂತೆ. ಬಿಲ್ಲು ಬೇಕಂತೆ. ನಾನೇ ಮಾಡಬೇಕಂತೆ. ಅದೂ ನಮ್ಮ ಜಮೀನಿನ ಅಂಚಿನ ಹಿಪ್ಪುನೇರಳೆ ಮರದಿಂದಲೇ.

ಆ ಮರ... ಅದರ ಕೆಳಗೇ ಅವನ ಎಡಗಣ್ಣು ಹೋದದ್ದು. ನನ್ನ ಬಾಣದಿಂದ. ಅವನಿಗೆ ಆರು ವರ್ಷ, ನನಗೆ ಹನ್ನೊಂದು.

"ಬೇರೆ ಮರ ಸಿಗ್ಲಿಲ್ವೇನೋ ನಿಂಗೆ?"

"ಕಣ್ಣು ತಿಂದಿದೆಯಲ್ಲಕ್ಕಾ, ಬಿಲ್ಲಾದ್ರೂ ಕೊಡ್ಲಿ. ಬೇರೆಯೋರು ಗುರಿ ಇಡೋಕೆ ಒಂದು ಕಣ್ಣು ಮುಚ್ಕೋಬೇಕು. ನಂಗೆ ಆ ಕೆಲಸ ಉಳೀತು."

ಈ ಜೋಕನ್ನು ಸಾವಿರ ಸಲ ಹೇಳಿದ್ದಾನೆ. ನನಗೆ ಒಂದು ಸಲವೂ ನಗು ಬಂದಿಲ್ಲ.

ಅಪ್ಪ ಕಿಟಕಿ ಪಕ್ಕದ ಕುರ್ಚಿಯಿಂದಲೇ ಗದರಿದರು. "ಆ ಮರ ಬೇಡ. ಒಳಗೆಲ್ಲಾ ಪೊಳ್ಳು." ಕೈ ನಡುಗಲು ಶುರುವಾದ ಮೇಲೆ ಅವರಿಗೆ ಉಳಿದಿರುವ ಕಸುಬು ಇದೊಂದೇ. ನಾನು ಮಾಡಿದ್ದಕ್ಕೆಲ್ಲ ಬೇಡ ಅನ್ನುವುದು.

ನವೆಂಬರ್ 23

ಕಡಿದೆವು. ಪೊಳ್ಳೂ ಇಲ್ಲ, ಗಿಳ್ಳೂ ಇಲ್ಲ. ಒಳಗೆ ಗಟ್ಟಿ, ಜೇನಿನ ಬಣ್ಣ. ಬೆಣೆ ಹೊಡೆದು ಸೀಳಿ, ಎರಡು ಒಳ್ಳೆಯ ಸೀಳು ಆರಿಸಿಕೊಂಡೆ. ಬಿರುಕು ಬಿಡದಿರಲಿ ಎಂದು ತುದಿಗಳಿಗೆ ಪೇಂಟ್ ಬಳಿದು ಅಟ್ಟಕ್ಕೆ ಏರಿಸಿದ್ದಾಯಿತು. ಒಣಗಲು ಒಂದು ವರ್ಷ ಬೇಕು.

ಅಪ್ಪ ನೋಡಲು ಬರಲಿಲ್ಲ. ತಲೆನೋವಂತೆ.

ಮುಂದಿನ ವರ್ಷ, ಡಿಸೆಂಬರ್ 2

ಅಟ್ಟದಿಂದ ಮೊದಲ ಸೀಳು ಇಳಿಸಿದೆ. ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ಚೆನ್ನಾಗಿ ಒಣಗಿದೆ.

ತೊಗಟೆ ತೆಗೆದೆ. ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದಲ್ಲ, ಬಿಲ್ಲಿನ ಬೆನ್ನು, ಅಂದರೆ ಹೊರಮೈ, ಅಂಥ ಒಂದೇ ಸುತ್ತಿನ ಮೇಲೆ ಕೂರಬೇಕು. ಎಲ್ಲಾದರೂ ಕತ್ತಿ ಜಾರಿ ಕೆಳಗಿನ ಸುತ್ತಿಗೆ ಇಳಿಯಿತೋ, ಎಳೆದಾಗ ಅಲ್ಲೇ ಪಟ್ ಅಂತ ಮುರಿಯುತ್ತದೆ. ಸುತ್ತು ಎಣಿಸುವುದನ್ನು ಅಪ್ಪ ಕಲಿಸಿದ್ದು ಅ ಆ ಇ ಈ ಕಲಿಯುವ ಮೊದಲೇ. ಅದಕ್ಕೂ ಮೊದಲ ಪಾಠ: ಗುರಿಗೆ ಅಡ್ಡ ಯಾರೂ ಇಲ್ಲ ಅಂತ ನೋಡದೆ ಬಾಣ ಬಿಡಬೇಡ.

ಆ ಪಾಠ ನಾನು ಕಲಿಯಲಿಲ್ಲ. ಬಾಣ ಬಿಡುವಾಗ ಕಣ್ಣು ಮುಚ್ಚಿಕೊಳ್ಳುವ ಕೆಟ್ಟ ಚಾಳಿ ಬೇರೆ. ಅವತ್ತೂ ಮುಚ್ಚಿದ್ದೆ. ತೆರೆದಾಗ ತಮ್ಮ, ಮುಖ ಹಿಡಿದುಕೊಂಡು ಉರುಳಾಡುತ್ತಿದ್ದ.

ಅಂದಿನಿಂದ ಬಿಲ್ಲು ಎಳೆದಿಲ್ಲ. ಮಾಡುತ್ತೇನೆ ಅಷ್ಟೆ. ಗೋಡೆಯ ಗೂಟಕ್ಕೆ ಬಿಲ್ಲು ಕೂರಿಸಿ, ಕಪ್ಪಿಯಲ್ಲಿ ಹಗ್ಗ ಹಾಕಿ ಎಳೆದು ಬಾಗು ನೋಡುತ್ತೇನೆ. ಕೈಯಲ್ಲಿ ಎಳೆದು ನೋಡುವುದು ಗಿರಾಕಿಗಳ ಪಾಲು. ಈಜು ಬಾರದವಳು ದೋಣಿ ಮಾಡಿದ ಹಾಗೆ, ಅಂತ ಅಮ್ಮ ಅನ್ನುತ್ತಿದ್ದಳು. ಪಾಪ, ನೋಯಿಸಲು ಅಂದದ್ದಲ್ಲ.

ಡಿಸೆಂಬರ್ 4, ಮಧ್ಯಾಹ್ನ 3

ಅಕ್ಷರ ಸೊಟ್ಟ ಬರುತ್ತಿದೆ. ಬರಲಿ.

ಬೆನ್ನು ಮುಗಿದಿತ್ತು. ತಿರುಗಿಸಿ ಹೊಟ್ಟೆಯ ಕಡೆ, ಅಂದರೆ ಒಳಮೈಯಲ್ಲಿ, ದಪ್ಪ ಇಳಿಸಲು ಕೊಡಲಿ ಹಾಕುತ್ತಿದ್ದೆ. ಟಣ್! ಕೊಡಲಿಯ ಬಾಯಿ ಹಾರಿತು. ಗಂಟು ಅಂದುಕೊಂಡೆ. ಸುತ್ತಲೂ ಮರ ನೀಲಿಗಪ್ಪು. ಕಬ್ಬಿಣ ಒಳಗಿದ್ದರೆ ಮಾತ್ರ ಹಾಗೆ ಬಣ್ಣ ಕೂರುತ್ತದೆ. ಉಳಿಯಿಂದ ಬಿಡಿಸಿದೆ.

ಬಾಣದ ಮೊನೆ. ಕಿರುಬೆರಳ ಉಗುರಿನಷ್ಟು. ತುಕ್ಕು ಒರೆಸಿದೆ. ಪಕ್ಕದಲ್ಲಿ ಅರದಿಂದ ಹಾಕಿದ ಮೂರು ಗೀರು. ನಡುವಿನದು ಸೊಟ್ಟ.

ಆ ಸೊಟ್ಟ ಗೀರು ಹಾಕಿದವಳು ನಾನು. ಹನ್ನೊಂದನೇ ವಯಸ್ಸಿನಲ್ಲಿ, ಇದೇ ಬೆಂಚಿನ ಮೇಲೆ, ನಾಲಿಗೆ ಹೊರಗೆ ಹಾಕಿಕೊಂಡು. ಅಪ್ಪನ ಮೊನೆಗಳಿಗೆ ಒಂದು ಗೀರು, ನನ್ನದಕ್ಕೆ ಮೂರು.

ಅಯ್ಯೋ ದೇವರೇ.

ಸಂಜೆ 5

ಸುತ್ತು ಎಣಿಸಿದೆ. ತೊಗಟೆಯಿಂದ ಮೊನೆಯ ತನಕ ಇಪ್ಪತ್ನಾಲ್ಕು. ತಪ್ಪಿರಬೇಕು ಅಂತ ಗುಂಡುಸೂಜಿ ಚುಚ್ಚಿ ಮತ್ತೆ ಎಣಿಸಿದೆ. ಇಪ್ಪತ್ನಾಲ್ಕೇ. ಮರ ಕಡಿದಾಗ ನನಗೆ ಮೂವತ್ತೈದು. ಇಪ್ಪತ್ನಾಲ್ಕು ಕಳೆದರೆ ಹನ್ನೊಂದು.

ನನಗಿದ್ದದ್ದೇ ಒಂದು ಬಾಣ. ಮಕ್ಕಳಿಗೆ ಒಂದೇ ಬಾಣ, ಅಪ್ಪನ ಕಟ್ಟಳೆ ಅದು. ಬಿಟ್ಟರೆ ಹುಡುಕಿ ತರಬೇಕು, ಅದು ಸಿಗುವವರೆಗೆ ಇನ್ನೊಂದಿಲ್ಲ. ಅವತ್ತಿನವರೆಗೆ ನಾನು ಕಳೆದವಳಲ್ಲ. ಆ ದಿನದ ಮೇಲೆ ಕೇಳಿದವಳೂ ಅಲ್ಲ. "ಆ ಪಾಪಿ ಬಾಣಾನ ಸುಟ್ಟುಹಾಕ್ದೆ" ಅಂತ ಅಪ್ಪ ಹೇಳಿದ್ದರು.

ನನ್ನ ಬಾಣ ಮರದಲ್ಲಿದೆ. ಹಾಗಾದರೆ ತಮ್ಮನ ಕಣ್ಣಿಗೆ ಬಡಿದದ್ದು?

ಆ ದಿನ ಅಲ್ಲಿ ಬಿಲ್ಲು ಹಿಡಿದಿದ್ದವರು ಇಬ್ಬರೇ. ನಾನು. ಪೊದೆ ಕಡೆ ಮೊಲ ಎದ್ದಿತು ಅಂತ ಹೋದ ಅಪ್ಪ.

ಇನ್ನೊಂದು. ಮೊನೆಯ ಕೊಳವೆಯೊಳಗೆ ಬಾಣದ ಕಡ್ಡಿಯ ತುಂಡು ಉಳಿದಿದೆ. ತಾನಾಗಿ ಮುರಿದಿದ್ದರೆ ನಾರು ಎದ್ದಿರಬೇಕು. ಇದು ಚಪ್ಪಟೆ, ನುಣ್ಣಗೆ. ಯಾರೋ ಚಾಕು ಹಾಕಿ ತೊಗಟೆಯ ಮಟ್ಟಕ್ಕೆ ಕೊಯ್ದಿದ್ದಾರೆ. ಯಾರೋ ಏನು ಬಂತು... ಆ ಥರ ಒಂದೇ ಏಟಿಗೆ ಕೊಯ್ಯುವ ಕೈ ಯಾರದು ಅಂತ ನನಗೆ ಗೊತ್ತಿಲ್ಲವೇ?

ಡಿಸೆಂಬರ್ 5

ಏನೂ ಮಾಡಲಿಲ್ಲ.

ಡಿಸೆಂಬರ್ 9, ಬೆಳಿಗ್ಗೆ

ಅಪ್ಪನೇ ಬಾಯಿ ತೆಗೆದರು. ಅವರ ಕಣ್ಣಿಗೆ ಮೊದಲು ಬೀಳುವುದು ಆಯುಧ, ಆಮೇಲೆ ಮಗಳು.

"ಕೊಡಲಿ ಬಾಯಿ ಹಾರಿದೆಯಲ್ಲೇ. ಕಲ್ಲಿಗೆ ಹೊಡೆದ್ಯಾ?"

"ಕಬ್ಬಿಣಕ್ಕೆ."

ಲೋಟ ಕೆಳಗಿಟ್ಟರು. ಯಾವ ಕಬ್ಬಿಣ ಅಂತ ಕೇಳಲಿಲ್ಲ. ಬೇರೆ ಯಾರಾದರೂ ಕೇಳುತ್ತಿದ್ದರು. ಮೊನೆಯನ್ನು ಅವರ ಮಡಿಲಿಗೆ ಹಾಕಿದೆ. ಹೆಬ್ಬೆರಳಲ್ಲಿ ಗೀರು ಸವರಿದರು.

"ನಾನು ಹೊಡೆದಿದ್ದು ಮೊಲಕ್ಕೆ. ಬಾಣ ಕಲ್ಲಿಗೆ ತಾಗಿ ಚಿಮ್ಮಿತು. ಅವ್ನು ಅಲ್ಲಿ ಬಂದಿದ್ದು ನಂಗೆ ಕಾಣ್ಲಿಲ್ಲ."

"ಮತ್ತೆ ನಾನು?"

"ನೀನು ಮಗು. ಮಗು ತಪ್ಪು ಮಾಡಿದ್ರೆ ಜನ ಅಯ್ಯೋ ಪಾಪ ಅಂತಾರೆ. ಬಿಲ್ಲು ಮಾಡೋನೇ ಗುರಿ ತಪ್ಪಿ ಮಗನ ಕಣ್ಣು ತೆಗೆದ ಅಂದ್ರೆ, ನಮ್ಮ ಅಂಗಡಿ ಮೆಟ್ಟಿಲು ಯಾರು ಹತ್ತೋರು? ನೀವು ಉಣ್ಣೋದೇನು?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಚೆನ್ನಾಗಿದೆ ಅಪ್ಪಾ ನಿಮ್ಮ ನ್ಯಾಯ!" ಕಿರುಚಿದೆ. ಬೀದಿಯವರೆಗೆ ಕೇಳಿಸಿರಬೇಕು. "ಇಪ್ಪತ್ತೈದು ವರ್ಷ ಅಪ್ಪಾ! ಒಂದು ದಿನ, ಒಂದೇ ಒಂದು ದಿನ ಹೇಳ್ಬೇಕು ಅನ್ನಿಸ್ಲಿಲ್ವಾ? ಅಮ್ಮಂಗಾದ್ರೂ?"

"ಅವಳಿಗೂ ಹೇಳ್ಲಿಲ್ಲ. ಒಂದು ವರ್ಷ ಹೋಗ್ಲಿ ಅಂದ್ಕೊಂಡೆ. ಆಮೇಲೆ... ಹೇಳೋದು ದಿನದಿಂದ ದಿನಕ್ಕೆ ಕಷ್ಟ ಆಯ್ತು."

ಅಷ್ಟೇ. ಅಳಲಿಲ್ಲ, ಕ್ಷಮಿಸು ಅನ್ನಲಿಲ್ಲ. ಮೊನೆಯನ್ನು ವಾಪಸ್ ಕಿತ್ತುಕೊಂಡು ಬಂದೆ. ಅಮ್ಮ ನನ್ನನ್ನು ನೋಡಿದಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಸಾಯುವ ದಿನವೂ ಬಿಟ್ಟಳು. ಅದನ್ನು ನನಗೆ ಯಾರು ವಾಪಸ್ ಕೊಡುತ್ತಾರೆ?

ಡಿಸೆಂಬರ್ 17

ಎರಡನೇ ಸೀಳಿಗೆ ಕೈ ಹಾಕಿದೆ. ಮೊದಲನೆಯದು ಹೋಯಿತು, ಮೊನೆಯ ಜಾಗದಲ್ಲಿ ತೂತು. ಕೆಲಸ ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ. ಅಪ್ಪನಿಗೆ ಊಟ ಇಡುತ್ತೇನೆ, ಮಾತಿಲ್ಲ.

ತಮ್ಮನಿಗೆ ಹೇಗೆ ಹೇಳಲಿ? ಅವನಿಗೆ ಅಪ್ಪ ಅಂದರೆ ಜೀವ. ನನ್ನ ಹೊರೆ ಇಳಿಸಲು ಅವನ ಅಪ್ಪನನ್ನು ಕಿತ್ತುಕೊಳ್ಳಬೇಕೆ? ಹೇಳದಿದ್ದರೆ ನಾನೂ ಅಪ್ಪನ ಸಾಲಿಗೇ ಸೇರಿದೆ.

ಡಿಸೆಂಬರ್ 28, ಮಧ್ಯಾಹ್ನ

ಹೇಳಿದೆ. ಬಿಲ್ಲು ಗೂಟದ ಮೇಲಿತ್ತು. ಎರಡೂ ತೋಳು ಸಮನಾಗಿ ಬಾಗುತ್ತಿದ್ದವು. ತಮ್ಮ ನೋಡಿ ಶಿಳ್ಳೆ ಹಾಕಿದ. ಆಗ ಮೊನೆ ಅವನ ಅಂಗೈಗೆ ಇಟ್ಟು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು ಅಪ್ಪನನ್ನು ಬೈಯುತ್ತಾನೆ ಅಥವಾ ನನ್ನನ್ನು ನಂಬುವುದಿಲ್ಲ ಅಂದುಕೊಂಡಿದ್ದೆ. ಅವನು ನನ್ನನ್ನೇ ಪಿಳಿಪಿಳಿ ನೋಡಿದ.

"ಅಕ್ಕಾ... ನಿಂಗೆ ಗೊತ್ತೇ ಇರ್ಲಿಲ್ವಾ?"

"ಏನು ಗೊತ್ತಿರೋದು?" ಅಂದೆ.

"ನಾನು ನೋಡಿದ್ನಲ್ಲ. ಅಪ್ಪ ಹೊಡೆದಿದ್ದು ನಂಗೆ ಕಾಣ್ತು. ಆಸ್ಪತ್ರೇಲಿ ಅಪ್ಪ ಕಿವೀಲಿ ಹೇಳಿದ್ರು. ಅಕ್ಕ ನಮ್ಮ ಮನೆಗೋಸ್ಕರ ತನ್ನ ಮೇಲೆ ಹಾಕ್ಕೊಂಡಿದ್ದಾಳೆ, ಆ ಮಾತು ಅವಳ ಮುಂದೆ ಎತ್ಬೇಡ, ನೊಂದ್ಕೋತಾಳೆ ಅಂತ." ಮೊನೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಎಂಥಾ ಅಕ್ಕ ನನ್ನಕ್ಕ ಅಂತ ಎದೆ ಉಬ್ಬಿಸ್ಕೊಂಡು ಓಡಾಡಿದೀನಿ ಕಣೇ. ಆ ಜೋಕೆಲ್ಲ ಹೇಳ್ತಿದ್ದಿದ್ದು ನಿನ್ನ ಭಾರ ಇಳೀಲಿ ಅಂತ."

ಒಂದೇ ಮನೆ. ಒಂದೇ ಮೇಜಿನಲ್ಲಿ ಊಟ. ಅವನು ನನ್ನ ತ್ಯಾಗಕ್ಕೆ ಋಣಿ. ನಾನು ಅವನ ಕ್ಷಮೆಗೆ ಋಣಿ. ಎರಡೂ ಸುಳ್ಳು! ಒಬ್ಬೊಬ್ಬರ ಬಾಯಿಗೂ ಬೇರೆ ಬೇರೆ ಬೀಗ ಹಾಕಿ, ಎರಡು ಕೀಲಿಯನ್ನೂ ಜೇಬಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು ಅಪ್ಪ.

ನೆಲದ ಮೇಲೆ ಮರದ ಹೊಟ್ಟಿನಲ್ಲೇ ಕೂತು ಇಬ್ಬರೂ ಅತ್ತೆವು. ಏಳುವಾಗ ಅವನು ಮೂಗು ಒರೆಸಿಕೊಂಡು, "ನಂಗಾದ್ರೂ ಅಳೋ ಖರ್ಚು ಅರ್ಧ" ಅಂದ. ನಗು ಬಂತು. ಬಿಕ್ಕಳಿಕೆಯ ಮಧ್ಯೆ, ತಡೆಯಲಾಗದಷ್ಟು ನಗು.

ಜನವರಿ 6, ಸಂಜೆ 4

ಬಿಲ್ಲು ಮುಗಿಯಿತು. ಎಣ್ಣೆ ಕುಡಿದು ಹೊಳೆಯುತ್ತಿದೆ. ಮೊದಲು ನಾನೇ ಎಳೆಯಬೇಕು ಅಂತ ತಮ್ಮನ ಹಟ. ನನ್ನ ಮೊನೆಗೆ ಹೊಸ ಕಡ್ಡಿ ಕೂರಿಸಿದ್ದಾನೆ, ಗರಿ ಕಟ್ಟಿದ್ದಾನೆ. ಕಡಿದ ಮರದ ಬುಡದ ಮುಂದೆ ಹುಲ್ಲಿನ ಗುರಿ ನಿಲ್ಲಿಸಲು ಹೋಗಿದ್ದಾನೆ. ನಾನು ಇಲ್ಲಿ ಬೆಂಚಿನ ಮೇಲೆ ಬರೆಯುವ ನೆಪ ಮಾಡಿಕೊಂಡು ಕೂತಿದ್ದೇನೆ.

ಕಿಟಕಿಯ ಕಡೆ ನೋಡಿದೆ. ಅಪ್ಪನ ಕುರ್ಚಿ ಖಾಲಿ.

ಅಪ್ಪ ಹೊಲದಲ್ಲಿದ್ದಾರೆ. ಕೋಲೂರಿಕೊಂಡು ಅಷ್ಟು ದೂರ ಹೇಗೆ ನಡೆದರೋ! ಗುರಿಯ ಪಕ್ಕ ನಿಂತಿದ್ದಾರೆ. ಅವತ್ತು ತಮ್ಮ ಬಿದ್ದ ಜಾಗ ಅದು, ಅಂಗುಲ ಆಚೀಚೆ ಇಲ್ಲ. ನನ್ನ ಕಡೆಗೇ ಮುಖ. ತಮ್ಮ ಅವರ ತೋಳು ಹಿಡಿದು ಎಳೆಯುತ್ತಿದ್ದಾನೆ, ಅವರು ಅಲುಗುತ್ತಿಲ್ಲ.

"ಅಕ್ಕಾ, ಬಾ ಇಲ್ಲಿ! ಕೇಳ್ತಿಲ್ಲ ಇವ್ರು! ಅವಳು ಹೊಡೀಲಿ ಅಂತಿದಾರೆ!"

ಇದು ಅವರ 'ಕ್ಷಮಿಸು' ಇರಬೇಕು. ಬಾಯಲ್ಲಿ ಆಡಲು ಬಾರದ ಮನುಷ್ಯ. ಆದರೂ ನನ್ನ ಸಿಟ್ಟು ಇಳಿದಿಲ್ಲ, ಇವತ್ತಿಗೆ ಇಳಿಯುವುದೂ ಇಲ್ಲ. ಹೋಗಿ ಕೈ ಹಿಡಿದು ಈಚೆ ಕರೆತರುತ್ತೇನೆ. ಕ್ಷಮಿಸಿದೆ ಅಂತ ಅಲ್ಲ. ಗುರಿಗೆ ಅಡ್ಡ ಯಾರೂ ಇಲ್ಲ ಅಂತ ನೋಡದೆ ಬಾಣ ಬಿಡಬಾರದು, ಅವರೇ ಕಲಿಸಿದ್ದು.

ಆಮೇಲೆ ಎಳೆಯುತ್ತೇನೆ. ಈ ಸಲ ಕಣ್ಣು ಬಿಟ್ಟುಕೊಂಡು. ಮತ್ತೆ ಕೂಗುತ್ತಿದ್ದಾನೆ... ಬಂದೆ ಕಣೋ, ಬಂ